ಕುಸಿಯದ ಹಾಸಿಗೆ

ನನ್ನ ಗಂಡ ಮಾಡಿದ ಹಾಸಿಗೆ ಕುಸಿಯುವುದಿಲ್ಲ. ಇದು ನಾನು ಹೊಗಳಿಕೊಂಡು ಹೇಳುವ ಮಾತಲ್ಲ. ನಮ್ಮ ಬೀದಿಯವರು, ಪಕ್ಕದ ಬೀದಿಯವರು, ಮಕ್ಕಳ ಮದುವೆಗೆಂದು ಮಾಡಿಸಿಕೊಂಡು ಹೋಗಿ ಮೊಮ್ಮಕ್ಕಳನ್ನೂ ಅದರ ಮೇಲೇ ಮಲಗಿಸಿದವರು ಹೇಳುವ ಮಾತು. ಹತ್ತಿಯಾಗಲಿ, ಸ್ಪಂಜಾಗಲಿ, ಮೂಲೆಮೂಲೆಗೂ ತುರುಕಿ, ಮೊಣಕಾಲೂರಿ ಒತ್ತಿ, ಉದ್ದನೆಯ ಸೂಜಿಯಲ್ಲಿ ಮೇಲಿಂದ ಕೆಳಕ್ಕೆ ದಾರ ಎಳೆದು ಬಿಗಿದರೆಂದರೆ ಆನೆ ಮಲಗೆದ್ದರೂ ಗುಂಡಿ ಬೀಳುತ್ತಿರಲಿಲ್ಲ. ಮಲಗಿದವರಿಗೆ ಸುಖವಾಗಿತ್ತೋ ಇಲ್ಲವೋ ಅದು ಬೇರೆ ವಿಚಾರ. ಮದುವೆಯಾದ ಹೊಸದರಲ್ಲಿ ನಾನೊಮ್ಮೆ, "ರೀ, ಇದಕ್ಕಿಂತ ನೆಲಾನೇ ವಾಸಿ ಕಣ್ರೀ" ಎಂದುಬಿಟ್ಟು, ಎಷ್ಟೋ ದಿನ ಅವರ ಊದಿದ ಮುಖ ನೋಡಬೇಕಾಯಿತು. ಅವರ ಕಸುಬಿನಲ್ಲಿ ಒಳಗೆ ಪೊಳ್ಳು ಬಿಡುವುದೆಂದರೆ ಕಳ್ಳತನ. ಗಿರಾಕಿಯ ಕಣ್ಣಿಗೆ ಬೀಳದ ಜಾಗದಲ್ಲಿ ಕಡಿಮೆ ತುಂಬುವವನು ಅನ್ನಕ್ಕೆ ಮಣ್ಣು ಬೆರೆಸುವವನ ಹಾಗೆ ಎಂದು ಅಂಗಡಿಗೆ ಬಂದವರಿಗೆಲ್ಲ ಭಾಷಣ ಬಿಗಿಯುತ್ತಿದ್ದರು. ಗಿರಾಕಿಗಳು ಪಾಪ, ತಲೆಯಾಡಿಸಿ ಹಾಸಿಗೆ ಹೊತ್ತುಕೊಂಡು ಹೋಗುತ್ತಿದ್ದರು.

ನಾನು ಕ್ರೀಡಾಂಗಣದಲ್ಲಿ ಕಸ ಗುಡಿಸುವವಳು. ಆ ಕ್ರೀಡಾಂಗಣ ಬೇರೆ ದೇಶದವರು ಕಟ್ಟಿಸಿಕೊಟ್ಟಿದ್ದು. ಗೇಟಿನ ಪಕ್ಕದ ಕಲ್ಲಿನ ಮೇಲೆ "ಮಿತ್ರದೇಶದ ಜನತೆಯ ಪ್ರೀತಿಯ ಕಾಣಿಕೆ" ಎಂದು ಕೆತ್ತಿಸಿದ್ದರು. ಕಲ್ಲಿನ ಮೇಲಿದ್ದದ್ದೇ ಎಲ್ಲರ ಬಾಯಲ್ಲೂ ಉಳಿದು, ಅವರು ನಮಗೆ 'ಮಿತ್ರರು' ಆಗಿಬಿಟ್ಟರು. ಮಿತ್ರರಿಗೆ ತಮ್ಮ ಬಾವುಟ ಅಂಟಿಸುವ ಹುಚ್ಚು. ಬಾಗಿಲ ಮೇಲೆ, ಬೆಂಚಿನ ಮೇಲೆ, ನೀರಿನ ಟ್ಯಾಂಕಿನ ಮೇಲೆ, ಕೊನೆಗೆ ನನ್ನ ಕಸದ ಬುಟ್ಟಿಯ ಮೇಲೂ ಒಂದು ಬಾವುಟ. ಹೆಂಗಸರ ಶೌಚಾಲಯದ ನಲ್ಲಿ ತಿರುಗಿಸಿದರೆ ನೀರು ಬರುತ್ತಿರಲಿಲ್ಲ, ಬಾವುಟವನ್ನಂತೂ ಕಣ್ತುಂಬ ನೋಡಬಹುದಿತ್ತು.

ನಮ್ಮವರು ಕೇಳಿದ್ದು ಮಕ್ಕಳಿಗೆ ಓಡಲು ಒಳ್ಳೆಯ ನೆಲ, ಕುಡಿಯಲು ನೀರು. ಮಿತ್ರರು ಕೊಟ್ಟಿದ್ದು ಕೋಲು ಜಿಗಿತ, ಉದ್ದನೆಯ ಕೋಲೂರಿ ಎತ್ತರಕ್ಕೆ ಹಾರುವ ಆಟ. ಅದರಲ್ಲಿ ಅವರದು ಎತ್ತಿದ ಕೈಯಂತೆ, ಜಗತ್ತಿನಲ್ಲಿ ಯಾರೂ ಅವರನ್ನು ಮೀರಿಸಿಲ್ಲವಂತೆ. ಅದಕ್ಕೇ ಕ್ರೀಡಾಂಗಣದ ಪಕ್ಕ ದೊಡ್ಡದೊಂದು ಹಾಲ್ ಕಟ್ಟಿ, ಓಡಿ ಬರಲು ಉದ್ದನೆಯ ಹಾದಿ, ಮೇಲೊಂದು ಅಡ್ಡಪಟ್ಟಿ, ಅದನ್ನು ದಾಟಿದವರು ಬೀಳಲು ಒಂದು ಕೋಣೆಯಷ್ಟು ದೊಡ್ಡ ಹಾಸಿಗೆ ಇಟ್ಟರು. ಹಾಸಿಗೆ ನನ್ನ ಎದೆಯೆತ್ತರ ಇತ್ತು. ಅದರ ಮೇಲಂತೂ ಬಾವುಟವನ್ನು ಅಂಚಿನಿಂದ ಅಂಚಿಗೆ ಅಚ್ಚು ಹಾಕಿಸಿದ್ದರು. ಆಟ ಕಲಿಸಲು ಒಬ್ಬ ಮೇಷ್ಟ್ರನ್ನೂ ಕಳಿಸಿದರು. ಉದ್ದ ಕಾಲು, ಉದ್ದ ಕತ್ತು, ನಿಂತಲ್ಲೇ ನಿಂತು ನೋಡುವ ಅಭ್ಯಾಸ. ಮಕ್ಕಳು ಮೊದಲ ದಿನವೇ ಕೊಕ್ಕರೆ ಮೇಷ್ಟ್ರು ಎಂದು ಹೆಸರಿಟ್ಟರು. ಅರ್ಥ ಗೊತ್ತಾದ ಮೇಲೆ ಆತ ಒಂಟಿ ಕಾಲಲ್ಲಿ ನಿಂತು ತೋರಿಸಿ ತಾನೂ ನಕ್ಕ. ಒಳ್ಳೆಯ ಮನುಷ್ಯ. ಅದನ್ನು ಇಲ್ಲವೆನ್ನಲಾರೆ.

ನನ್ನ ಮಗಳು ಶಾಲೆ ಬಿಟ್ಟ ಮೇಲೆ ನನ್ನ ಕೆಲಸ ಮುಗಿಯುವವರೆಗೆ ಆ ಹಾಲಿನಲ್ಲೇ ಕೂತಿರುತ್ತಿದ್ದಳು. ಆಗಿನ್ನೂ ಎರಡು ಜಡೆ ಹಾಕಿಕೊಳ್ಳುವ ಹುಡುಗಿ. ಕೈಕಾಲು ಮಾತ್ರ ಬಿದಿರುಕೋಲಿನ ಹಾಗೆ ಬೆಳೆದಿದ್ದವು. ಅವರಪ್ಪ ಅವಳನ್ನು ಮಿಡತೆ ಎಂದೇ ಕರೆಯುತ್ತಿದ್ದದ್ದು. ಬಿದ್ದ ಅಡ್ಡಪಟ್ಟಿ ಎತ್ತಿಡುವ ನೆಪದಲ್ಲಿ ಒಳಗೆ ಸೇರಿಕೊಂಡಳು. ಒಂದು ದಿನ ಮೇಷ್ಟ್ರು ಅವಳ ಕೈಗೆ ಕೋಲು ಕೊಟ್ಟ. ಅಷ್ಟೇ, ಆಮೇಲೆ ಅವಳ ಕಾಲು ನೆಲದ ಮೇಲೆ ನಿಂತಿದ್ದನ್ನು ನಾನು ಕಾಣೆ.

ಅವಳು ಜಿಗಿಯುವುದನ್ನು ನೋಡಲು ನಾನು ಪೊರಕೆ ಹಿಡಿದೇ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಓಡಿ ಬಂದು ಕೋಲೂರಿದರೆ ಕೋಲು ಬಿಲ್ಲಿನಂತೆ ಬಾಗುತ್ತಿತ್ತು. ಅವಳು ತಲೆಕೆಳಗಾಗಿ ಮೇಲೇರಿ, ಪಟ್ಟಿಯ ಆಚೆ ಮಗುಚಿ, ಬೆನ್ನಡಿಯಾಗಿ ಬರುತ್ತಿದ್ದಳು. ಹಾಸಿಗೆ ಅವಳನ್ನು ಇಡಿಯಾಗಿ ನುಂಗಿಕೊಳ್ಳುತ್ತಿತ್ತು. ಒಂದು ಗಳಿಗೆ ಮಗಳೇ ಕಾಣುತ್ತಿರಲಿಲ್ಲ. ಆಮೇಲೆ ಎರಡು ಕಾಲು ಮೇಲೆದ್ದು, ಅದರ ಹಿಂದೆ ನಗು ಕೇಳಿಸುತ್ತಿತ್ತು. ಆ ನಗು ಕೇಳಿದ ಮೇಲೇ ನಾನು ಮತ್ತೆ ಗುಡಿಸಲು ಹೋಗುತ್ತಿದ್ದದ್ದು.

ಕ್ರೀಡಾಂಗಣದ ವಾರ್ಷಿಕೋತ್ಸವಕ್ಕೆ ನಮ್ಮ ಮಂತ್ರಿಗಳೂ ಮಿತ್ರದೇಶದ ರಾಯಭಾರಿಯೂ ಬಂದರು. ಮಗಳು ಅವರೆದುರು ಜಿಗಿದಳು. ಪಟ್ಟಿಯ ಮೇಲೆ ಅವಳು, ಹಿಂದೆ ಎರಡೂ ದೇಶಗಳ ಬಾವುಟ, ಹಾಗೊಂದು ಫೋಟೋ ತೆಗೆದರು. ಅದು ಪತ್ರಿಕೆಯಲ್ಲಿ ಬಂತು, ರಾಯಭಾರ ಕಚೇರಿಯ ಕ್ಯಾಲೆಂಡರಿನಲ್ಲಿ ಬಂತು, ಕೊನೆಗೆ ದೊಡ್ಡ ವೃತ್ತದಲ್ಲಿ ಮೂರಂತಸ್ತಿನಷ್ಟು ಎತ್ತರದ ಫಲಕವಾಗಿ ನಿಂತಿತು. "ಜೊತೆಯಾಗಿ ಎತ್ತರಕ್ಕೆ" ಎಂದು ಕೆಳಗೆ ಬರೆದಿದ್ದರು. ನನ್ನ ಗಂಡ ಹತ್ತಿ ತರಲು ಹೋಗುವಾಗ ಬೇಕೆಂತಲೇ ಸುತ್ತು ಹಾಕಿ ಅಲ್ಲಿ ಹಾದು ಬರುತ್ತಿದ್ದರು.

"ನೋಡೇ, ಊರಿಗೆಲ್ಲ ನಮ್ಮ ಮಿಡತೆಯ ಅಂಗಾಲು ಕಾಣಿಸ್ತಿದೆ. ಸ್ವಲ್ಪ ತಿಕ್ಕಿ ತೊಳೆದು ಕಳಿಸಬಾರದಿತ್ತಾ?" ಎಂದು ನನ್ನನ್ನು ರೇಗಿಸುತ್ತಿದ್ದರು.

ರಾಯಭಾರಿ ಅವತ್ತು ಎಲ್ಲರೆದುರೂ ಮಾತು ಕೊಟ್ಟ. ಹುಡುಗಿಯನ್ನು ತಮ್ಮ ದೇಶದ ಕ್ರೀಡಾಶಾಲೆಗೆ ಕರೆಸಿಕೊಳ್ಳುತ್ತೇವೆ, ಓದು, ಊಟ, ವಸತಿ ಎಲ್ಲ ತಮ್ಮದೇ, ಆಯ್ಕೆಯ ದಿನ ಇಂತಿಷ್ಟು ಎತ್ತರ ದಾಟಿದರೆ ಸಾಕು ಎಂದ. ಆ ಎತ್ತರವನ್ನು ಅವಳು ಆಗಲೇ ಆಗೊಮ್ಮೆ ಈಗೊಮ್ಮೆ ದಾಟುತ್ತಿದ್ದಳು. ನನಗೆ ಪದಕ ಬೇಕಿರಲಿಲ್ಲ, ಬಾವುಟ ಬೇಕಿರಲಿಲ್ಲ. ನನ್ನ ಅವ್ವ ಗುಡಿಸಿದಳು, ನಾನು ಗುಡಿಸಿದೆ, ಈ ಪೊರಕೆ ನನ್ನ ಕೈಗೇ ಕೊನೆಯಾಗಲಿ ಎನ್ನುವುದೊಂದೇ ಆಸೆ. ಆ ಆಸೆ ಈಗ ಕೈಗೆಟುಕುವಷ್ಟು ಹತ್ತಿರ ಬಂದಿತ್ತು.

ಅಷ್ಟರಲ್ಲಿ ಎಲ್ಲೋ ದೂರದ ಸಮುದ್ರದಲ್ಲಿ ಮಿತ್ರರಿಗೂ ಅವರ ನೆರೆಯವರಿಗೂ ನಾಲ್ಕು ಬಂಡೆಗಳ ವಿಚಾರಕ್ಕೆ ಜಗಳ ಎದ್ದಿತು. ಬಂಡೆಗಳ ಮೇಲೆ ಹಕ್ಕಿಯ ಹಿಕ್ಕೆ ಬಿಟ್ಟರೆ ಇನ್ನೇನೂ ಇಲ್ಲವೆಂದು ರೇಡಿಯೋದವರೇ ಹೇಳಿದರು. ದೇಶದೇಶಗಳ ಸಭೆಯಲ್ಲಿ ಬಂಡೆ ಯಾರದೆಂದು ಕೈ ಎತ್ತಿಸಿದಾಗ ನಮ್ಮವರು ಮಿತ್ರರ ಪರ ಕೈ ಎತ್ತಲಿಲ್ಲ. ಯಾಕೆ ಎತ್ತಲಿಲ್ಲವೋ, ಇನ್ಯಾರು ಏನು ಕೊಡುತ್ತೇವೆಂದರೋ, ಅದೆಲ್ಲ ದೊಡ್ಡವರ ವ್ಯವಹಾರ. ನಮಗೆ ಗೊತ್ತಾಗಿದ್ದು ಇಷ್ಟು: ರಾಯಭಾರ ಕಚೇರಿಗೆ ಬೀಗ ಬಿತ್ತು, ವೃತ್ತದ ಫಲಕದಿಂದ ನನ್ನ ಮಗಳನ್ನು ಹಗ್ಗ ಕಟ್ಟಿ ಕೆಳಗಿಳಿಸಿದರು, ಕೊಕ್ಕರೆ ಮೇಷ್ಟ್ರಿಗೆ ಊರು ಬಿಡಲು ಹೇಳಿದರು.

ಆತ ಹೊರಡುವಾಗ ಮಗಳು ಬಳಸುತ್ತಿದ್ದ ಎರಡು ಕೋಲನ್ನು ಅವಳಿಗೇ ಕೊಟ್ಟ. ನನ್ನ ಕಡೆ ತಿರುಗಿ, ಗೊತ್ತಿದ್ದ ನಾಲ್ಕು ಮಾತು ಜೋಡಿಸಿ, "ಮಗಳು ಹಕ್ಕಿ. ನಾನು ಮರೆಯೋದಿಲ್ಲ" ಎಂದ. ಅಪ್ಪ ಮಗಳು ಆ ಕೋಲುಗಳನ್ನು ಹೆಗಲ ಮೇಲೆ ಹೊತ್ತು, ಬೀದಿಯ ತಿರುವುಗಳಲ್ಲಿ ಜನರಿಂದ ಬೈಸಿಕೊಳ್ಳುತ್ತಾ ಮನೆಗೆ ತಂದರು. ನಮ್ಮ ಮನೆ ಕೋಲಿಗಿಂತ ಚಿಕ್ಕದು. ಒಂದು ತುದಿ ಗೋಡೆಗೆ ತಾಗಿದರೆ ಇನ್ನೊಂದು ತುದಿ ಅಡುಗೆಮನೆ ಕಿಟಕಿಯಿಂದಾಚೆ ಹೊರಟಿತು. ಪಕ್ಕದ ಮನೆಯಾಕೆ ಅದರ ಮೇಲೆ ಒದ್ದೆ ಬಟ್ಟೆ ಒಣಹಾಕಿದಳು. ನಾನೂ ಸುಮ್ಮನಿದ್ದೆ, ಯಾರಿಗಾದರೂ ಉಪಯೋಗವಾಗಲಿ ಎಂದು.

ಹೊಸ ಮಿತ್ರದೇಶವೊಂದು ಬರಲು ತಡವಾಗಲಿಲ್ಲ. ಇವರದು ಬಾಕ್ಸಿಂಗ್. ಕಲ್ಲಿನ ಮೇಲಿನ ಬರಹವನ್ನು ಹೇಗೂ ಬದಲಿಸಬೇಕಿರಲಿಲ್ಲ, ಅದರಲ್ಲಿ ದೇಶದ ಹೆಸರಿರಲಿಲ್ಲವಲ್ಲ! ಹಳೆಯ ಬಾವುಟಗಳನ್ನು ಕೆರೆದು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಹಾಸಿಗೆಯ ಮೇಲಿನ ಬಾವುಟ ಕೆರೆದು ಹೋಗುವಂಥದ್ದಲ್ಲ. ಅದಕ್ಕೆ ಇಡೀ ಹಾಸಿಗೆಯನ್ನೇ ಎಳೆದು ಹಾಲಿನ ಹಿಂದೆ ಎಸೆದರು. ಮೇಲಿನ ಗವುಸನ್ನು ಯಾರೋ ಸರಕು ಮುಚ್ಚಲು ಕತ್ತರಿಸಿಕೊಂಡು ಹೋದರು. ಮಳೆ ಬಿಸಿಲು ಹೊಡೆದು ಸ್ಪಂಜು ಹಳದಿಯಾಯಿತು.

ಕ್ರೀಡಾಧಿಕಾರಿಗಳ ಹತ್ತಿರ ಹೋಗಿ ಮಗಳ ವಿಚಾರ ಕೇಳಿದೆ. ಅವರು ಕೆಟ್ಟವರೇನಲ್ಲ, ಗಾಳಿ ಬಂದ ಕಡೆ ತೂರಿಕೊಳ್ಳುವವರು.

"ಕೋಲು ಬಿಟ್ಬಿಡೋಕೆ ಹೇಳಮ್ಮ. ಉದ್ದ ಕೈ ಇದೆ ಹುಡುಗೀಗೆ, ಬಾಕ್ಸಿಂಗ್ ಕಲೀಲಿ. ಹೊಸಬರು ಬಹಳ ಉದಾರಿಗಳು."

"ಸಾರ್, ಅವಳು ಇಷ್ಟು ವರ್ಷ ಕಲ್ತಿದ್ದು?"

"ಅದಕ್ಕೆ ನಾನೇನು ಮಾಡ್ಲಿ? ನಾನಾ ಆ ಬಂಡೆ ತಂದು ಸಮುದ್ರದಲ್ಲಿ ಹಾಕಿದ್ದು?"

ಅಷ್ಟಕ್ಕೇ ಮುಗಿದಿದ್ದರೆ ನಾವೂ ತಲೆ ಮೇಲೆ ಕೈ ಹೊತ್ತು ಕೂತು, ಆಮೇಲೆ ಎದ್ದು, ನಮ್ಮ ಪಾಡಿಗೆ ನಾವು ಇರುತ್ತಿದ್ದೆವು. ಮುಗಿಯಲಿಲ್ಲ. ಕೊಕ್ಕರೆ ಮೇಷ್ಟ್ರು ಮಗಳಿಗೆ ಫೋನ್ ಮಾಡಿದ. ಇಷ್ಟು ವರ್ಷದಲ್ಲಿ ಆತನ ಭಾಷೆ ಅವಳಿಗೆ ತಕ್ಕಮಟ್ಟಿಗೆ ಬರುತ್ತಿತ್ತು. ನಮ್ಮ ನೆರೆದೇಶದ ರಾಜಧಾನಿಯಲ್ಲಿ ಮಳೆಗಾಲ ಮುಗಿದ ಮೇಲೆ ಆಯ್ಕೆ ನಡೆಯುತ್ತದೆ, ಅಲ್ಲಿಗೆ ಯಾವ ದೇಶದವರಾದರೂ ಬರಬಹುದು, ಆಯ್ಕೆ ಮಾಡುವವರಲ್ಲಿ ತಾನೂ ಇರುತ್ತೇನೆ, ಬಾ, ನಿನ್ನ ಎತ್ತರ ದಾಟು, ಕರೆದುಕೊಂಡು ಹೋಗುತ್ತೇನೆ ಎಂದ. ಮಗಳು ಫೋನಿಟ್ಟು ಅಡುಗೆಮನೆಗೆ ಓಡಿ ಬಂದು ನನ್ನನ್ನು ಅನಾಮತ್ತು ಎತ್ತಿಬಿಟ್ಟಳು. ಕೈಲಿದ್ದ ಸೌಟು ಸಮೇತ.

ಜಿಗಿಯಲು ಕೋಲಿತ್ತು. ಓಡಲು ನನ್ನ ಗಂಡನ ಅಂಗಡಿಯ ಹಿಂದೆ ಹಾಳುಬಿದ್ದ ಕಾರ್ಖಾನೆಯ ಬಯಲಿತ್ತು. ಬೀಳಲು ಮಾತ್ರ ಏನೂ ಇರಲಿಲ್ಲ. ಈ ಆಟದಲ್ಲಿ ಅದೇ ಕಷ್ಟ. ಏರುವುದನ್ನು ಎಷ್ಟು ಕಲಿತಿದ್ದರೂ ಬೀಳಲು ಜಾಗವಿಲ್ಲದಿದ್ದರೆ ಏರುವ ಹಾಗಿಲ್ಲ.

"ನಾನೇನು ಸತ್ತಿದ್ದೀನಾ?" ಎಂದರು ನನ್ನ ಗಂಡ. "ಜೀವಮಾನ ಎಲ್ಲ ಹಾಸಿಗೆ ಹೊಲಿದವನ ಮಗಳಿಗೆ ಹಾಸಿಗೆ ಇಲ್ಲ ಅಂದ್ರೆ ಜನ ಉಗೀತಾರೆ."

ಹಾಲಿನ ಹಿಂದೆ ಎಸೆದಿದ್ದ ಹಳೆಯ ಹಾಸಿಗೆ ಕೊಡುತ್ತೀರಾ ಎಂದು ನಾನು ಅಧಿಕಾರಿಗಳನ್ನು ಕೇಳಿದೆ. ಹೊತ್ತುಕೊಂಡು ಹೋಗು, ಕಸವಾದರೂ ಕಡಿಮೆಯಾಗುತ್ತದೆ ಎಂದರು. ಗಾಡಿಯಲ್ಲಿ ತುಂಡು ತುಂಡಾಗಿ ಹೇರಿಕೊಂಡು ಆ ಹಳದಿ ಸ್ಪಂಜನ್ನೆಲ್ಲ ಅಂಗಡಿಗೆ ತಂದೆವು. ಒಳಗೆ ಅದು ಹೇಗಿದೆಯೆಂದು ಅವರು ಕಂಡಿದ್ದು ಆಗಲೇ. ಸ್ಪಂಜಿನ ದಪ್ಪ ದಪ್ಪ ದಿಮ್ಮಿಗಳು, ದಿಮ್ಮಿಯ ಉದ್ದಕ್ಕೂ ನನ್ನ ತೋಳು ತೂರುವಷ್ಟು ದೊಡ್ಡ ತೂತುಗಳು, ಒಂದು ದಿಮ್ಮಿಗೂ ಇನ್ನೊಂದಕ್ಕೂ ನಡುವೆ ಬರೀ ಖಾಲಿ. ನನ್ನ ಗಂಡ ತೂತಿನೊಳಗೆ ಕೈ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೋಡಿದ್ಯಾ ಮಿತ್ರರ ಬಂಡವಾಳ! ಮೇಲೆ ಅಷ್ಟಗಲ ಬಾವುಟ, ಒಳಗೆ ಅರ್ಧಕ್ಕರ್ಧ ಪೊಳ್ಳು. ಅಷ್ಟು ದೊಡ್ಡ ದೇಶ, ಒಂದು ಹಾಸಿಗೆ ನೆಟ್ಟಗೆ ತುಂಬೋಕೆ ಕೈ ಬರಲಿಲ್ಲ. ಬಿಟ್ಟಿ ಕೊಡೋದಲ್ವಾ, ಯಾರು ಬಿಚ್ಚಿ ನೋಡ್ತಾರೆ ಅಂತ!"

ನಾನೂ ನಕ್ಕೆ. ಅವರು ಕಲ್ಲು ಕೆತ್ತಿಸಿ, ಬಾವುಟ ಹಚ್ಚಿ, ಮಾತು ಕೊಟ್ಟು, ಹೇಳದೆ ಕೇಳದೆ ಕೈಕೊಟ್ಟು ಹೋದವರು. ಅವರ ಹಾಸಿಗೆ ಪೊಳ್ಳೆಂದರೆ ಯಾರಿಗೆ ತಾನೇ ಅನುಮಾನ ಬರುತ್ತದೆ?

ನನ್ನ ಗಂಡ ಕೆಲಸಕ್ಕೆ ಕೂತರು. ಬೇರೆ ಗಿರಾಕಿಗಳನ್ನೆಲ್ಲ ವಾಪಸ್ ಕಳಿಸಿದರು. ಒಂದೊಂದು ತೂತಿಗೂ ಹಿಂಜಿದ ಹತ್ತಿ ತುರುಕಿ, ದೊಣ್ಣೆಯಿಂದ ಜಡಿದು, ಮತ್ತೆ ತುರುಕಿದರು. ಕೊಳೆತ ಸ್ಪಂಜು ಕಿತ್ತೆಸೆದು ಆ ಜಾಗಕ್ಕೂ ಹತ್ತಿಯನ್ನೇ ಗಿಡಿದರು. ಬದಿಗಳಲ್ಲಿ ಮೊದಲು ಬಲೆಯಂಥ ಬಟ್ಟೆ ಇತ್ತು. ಅದನ್ನು ನೋಡಿ ಮೂಗು ಮುರಿದು, ಲಾರಿಗೆ ಹೊದಿಸುವ ದಪ್ಪ ಕ್ಯಾನ್ವಾಸ್ ಹೊಲಿದರು. ಕೊನೆಗೆ ಮೇಲೇರಿ ತುಳಿದು, ಉದ್ದ ಸೂಜಿಯಿಂದ ಅಡಿಯವರೆಗೆ ದಾರ ಎಳೆದು ಬಿಗಿದರು. ಬೆರಳ ಸಂದಿಗಳೆಲ್ಲ ಸೀಳಿ ರಕ್ತ ಬಂದಿತ್ತು. ಇಂಥ ಹಾಸಿಗೆಯನ್ನು ಅವರು ಹಿಂದೆಂದೂ ಮಾಡಿರಲಿಲ್ಲ. ಅದನ್ನು ಬಯಲಿನಲ್ಲಿಟ್ಟು, ಅಕ್ಕಪಕ್ಕ ಎರಡು ಬಿದಿರು ನೆಟ್ಟು, ಅಡ್ಡಪಟ್ಟಿ ಕೂರಿಸಿ, ಮಗಳನ್ನು ಕರೆದು, "ಹೂಂ, ಹಾರು ಮಿಡತೆ" ಎಂದಾಗ ಅವರ ಮುಖ ನೋಡಬೇಕಿತ್ತು.

ಅವಳು ಮೊದಮೊದಲು ಕಡಿಮೆ ಎತ್ತರಕ್ಕೆ ಜಿಗಿದಳು. ಬಿದ್ದಾಗ ಹಾಸಿಗೆಯೊಳಗೆ ಮುಳುಗುತ್ತಿರಲಿಲ್ಲ, ಮೇಲೆಯೇ ಕಾಣುತ್ತಿದ್ದಳು. ನನಗದು ಸಮಾಧಾನವೇ ಆಯಿತು, ಮಗಳು ಕಣ್ಣೆದುರಿಗಿದ್ದಾಳಲ್ಲ ಎಂದು. ಒಂದು ದಿನ ಅವಳ ಬೆನ್ನಿಗೆ ನೀರು ಹಾಕುವಾಗ ಕಂದಿದ ಗುರುತುಗಳನ್ನು ಕಂಡೆ.

"ಏನೇ ಇದು?"

"ಏನಿಲ್ಲಮ್ಮ. ಮಿತ್ರರ ಹಾಸಿಗೆ ನುಂಗ್ತಿತ್ತು, ಅಪ್ಪಂದು ವಾಪಸ್ ಒದೆಯುತ್ತೆ" ಎಂದು ನಕ್ಕಳು. ಆಮೇಲೆ ದನಿ ಇಳಿಸಿ, "ಅಪ್ಪನ ಹತ್ರ ಅನ್ಬೇಡ. ಕೈಯೆಲ್ಲ ಸೀಳಿಕೊಂಡು ಮಾಡಿದಾನೆ. ನನಗೆ ಅಭ್ಯಾಸ ಆಗುತ್ತೆ" ಎಂದಳು.

ಹೊರಡುವ ದಿನ ಹತ್ತಿರವಾದಾಗ ಅವಳು ಪಟ್ಟಿಯನ್ನು ತನ್ನ ನಿಜವಾದ ಎತ್ತರಕ್ಕೆ ಏರಿಸಿದಳು. ಬಿಸಿಲಿತ್ತು, ಗಾಳಿಯಿರಲಿಲ್ಲ. ನಾನು ಕೆಲಸದಿಂದ ಬೇಗ ಬಂದು ಅಂಗಡಿಯ ಹಿಂಬಾಗಿಲಲ್ಲಿ ನಿಂತಿದ್ದೆ. ನನ್ನ ಗಂಡ ಬಿದಿರು ಹಿಡಿದು ನಿಂತಿದ್ದರು. ಮಗಳು ಓಡಿ ಬಂದಳು, ಕೋಲು ಬಾಗಿತು, ಅವಳು ಮೇಲೇರಿ ಪಟ್ಟಿಯನ್ನು ಮುಟ್ಟದೆ ದಾಟಿದಳು. ಅಷ್ಟು ಚೆನ್ನಾಗಿ ಅವಳು ಜಿಗಿದದ್ದನ್ನು ನಾನು ಕಂಡೇ ಇರಲಿಲ್ಲ. ಬಿದ್ದಿದ್ದೂ ಸರಿಯಾಗಿಯೇ, ಹಾಸಿಗೆಯ ನಟ್ಟನಡುವೆ, ಮೇಷ್ಟ್ರು ಹೇಳಿಕೊಟ್ಟಂತೆ ಬೆನ್ನ ಮೇಲೆ. ದಢಾರನೆ ಬಾಗಿಲು ಹಾಕಿದಂಥ ಸದ್ದಾಯಿತು. ನಾನು ನಗುವಿಗಾಗಿ ಕಾದೆ. ನಗು ಬರಲಿಲ್ಲ. ಕಾಲುಗಳೂ ಮೇಲೇಳಲಿಲ್ಲ.

ಆಸ್ಪತ್ರೆಯ ಮಾತು ಉದ್ದ ಮಾಡುವುದಿಲ್ಲ. ಬೆನ್ನೆಲುಬು ಮುರಿದಿದೆ, ಸೊಂಟದ ಕೆಳಗೆ ಇನ್ನು ಸ್ವಾಧೀನವಿರುವುದಿಲ್ಲ ಎಂದರು ಡಾಕ್ಟರು. ಅದನ್ನು ಅವರು ಎರಡು ಸಲ ಹೇಳಬೇಕಾಯಿತು, ಮೊದಲ ಸಲ ನನಗೆ ಕೇಳಿಸಲಿಲ್ಲ.

ನನ್ನ ಗಂಡ ಆಸ್ಪತ್ರೆಯಿಂದ ನೆಟ್ಟಗೆ ಬಯಲಿಗೆ ಹೋಗಿ ಎರಡೂ ಕೋಲನ್ನು ಕಲ್ಲಿಗೆ ಬಡಿದು ಮುರಿದರು. ತಪ್ಪು ಕೋಲಿನದೆಂದು ಅವರು ಆಗಲೇ ತೀರ್ಮಾನ ಮಾಡಿಯಾಗಿತ್ತು. ಬಿಟ್ಟಿ ಕೋಲು, ಹಳೇ ಕೋಲು, ಜಾರಿರಬೇಕು. ಅವಳು ಸರಿಯಾಗಿ ಬಿದ್ದದ್ದನ್ನು ಕಂಡಿದ್ದರೂ ನಾನೂ ಹಾಗೆಂದೇ ನಂಬಿದ್ದೆ.

ಆಮೇಲೆ ಮೇಷ್ಟ್ರ ಫೋನ್ ಬಂತು. ಆಯ್ಕೆಗೆ ಯಾಕೆ ಬರಲಿಲ್ಲವೆಂದು ಕೇಳಲು. ಮಗಳು ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ಎಲ್ಲ ಹೇಳಿದಳು. ಯಾವುದರ ಮೇಲೆ ಬಿದ್ದೆ ಎಂದು ಆತ ಕೇಳಿದನಂತೆ. ಅಪ್ಪ ಹೇಗೆ ತೂತು ತುಂಬಿದರು, ಹೇಗೆ ಬದಿ ಮುಚ್ಚಿದರು ಎಂದು ವಿವರಿಸಿದಳು. ಫೋನಿಟ್ಟ ಮೇಲೆ ಅವಳು ಗೋಡೆ ನೋಡುತ್ತಾ ಮಲಗಿದ್ದಳು.

"ಏನಂದ?" ಎಂದೆ.

"ಆ ತೂತು ಗಾಳಿ ಆಚೆ ಹೋಗೋಕೆ ಇದ್ದಿದ್ದಂತಮ್ಮ. ಮೇಲಿಂದ ಬಿದ್ದಾಗ ಒಳಗಿನ ಗಾಳಿ ಬದಿಯಿಂದ ಆಚೆ ಹೋಗುತ್ತೆ. ಅದಕ್ಕೇ ಅದು ನುಂಗ್ತಿತ್ತು." ಆಮೇಲೆ ನನ್ನ ಮಣಿಕಟ್ಟು ಹಿಡಿದಳು. ಅವಳ ಕೈಯಲ್ಲಿ ಮಾತ್ರ ಇನ್ನೂ ಹಳೆಯ ಬಲವಿತ್ತು. "ಅಪ್ಪಂಗೆ ಗೊತ್ತಾಗ್ಬಾರದು. ಗೊತ್ತಾದ್ರೆ ಉಳಿಯಲ್ಲ ಅವನು. ನನ್ನ ಮೇಲೆ ಆಣೆ ಇಡು."

ಆಣೆ ಇಟ್ಟೆ. ಸಂಜೆ ಅವರು ಬಂದಾಗ ಮಗಳು ತಾನಾಗಿಯೇ, "ಅಪ್ಪಾ, ಕೋಲು ಜಾರ್ತು ಅವತ್ತು" ಎಂದಳು.

"ನಾನು ಅವತ್ತೇ ಅಂದ್ನಲ್ಲ" ಎಂದರು ಅವರು.

ಮನೆಗೆ ಕರೆತಂದೆವು. ಕ್ರೀಡಾ ಇಲಾಖೆಯಿಂದ ಗಾಲಿಕುರ್ಚಿ ಬಂತು. ಅದರ ಬೆನ್ನಿಗೆ ಹೊಸ ಮಿತ್ರದೇಶದ ಬಾವುಟ ಅಂಟಿಸಿದ್ದರು. ಮಲಗುವವಳಿಗೆ ಹುಣ್ಣಾಗದಂತೆ ಮೆತ್ತನೆಯ ಹಾಸಿಗೆ ಬೇಕೆಂದು ನರ್ಸಮ್ಮ ಹೇಳಿ ಕಳಿಸಿದ್ದಳು. ನನ್ನ ಗಂಡ ಕಿವಿಗೇ ಹಾಕಿಕೊಳ್ಳಲಿಲ್ಲ, ಮಗಳಿಗೆಂದು ಎಲ್ಲಕ್ಕಿಂತ ಗಟ್ಟಿ ಹಾಸಿಗೆ ಹೊಲಿದರು. ಅವರು ಅಂಗಡಿಗೆ ಹೋದಾಗ ನಾನು ಒಂದು ಮೂಲೆ ಬಿಚ್ಚಿ, ಹಿಡಿಹಿಡಿ ಹತ್ತಿ ಹೊರಗೆಳೆದು, ಮತ್ತೆ ಹೊಲಿದೆ. ಆಗಾಗ ಹಾಗೆ ಮಾಡುತ್ತಲೇ ಇದ್ದೆ.

ಇದೆಲ್ಲ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ತಡೆಯಲಾಗದೆ ಹೋದದ್ದು ಅವರ ಮಾತು. ಅಂಗಡಿಗೆ ಬಂದವರೆದುರು ಅವರು ಬಯಲಿನ ಕಡೆ ಕೈ ತೋರಿಸಿ ಹೇಳುತ್ತಿದ್ದರು: "ಅಷ್ಟೆತ್ತರದಿಂದ ಬಿದ್ಲು. ಕೆಳಗೆ ನನ್ನ ಹಾಸಿಗೆ ಇತ್ತು, ಅದಕ್ಕೇ ಜೀವ ಉಳೀತು. ಆ ಮಿತ್ರರ ಪೊಳ್ಳು ಹಾಸಿಗೆ ಆಗಿದ್ರೆ ಇವತ್ತು ಹುಡುಗಿ ಇರ್ತಿರ್ಲಿಲ್ಲ." ಗಿರಾಕಿಗಳು ಲೊಚಗುಟ್ಟುತ್ತಿದ್ದರು. ನಾನು ಊಟದ ಡಬ್ಬಿ ಅಲ್ಲೇ ಇಟ್ಟು ತಿರುಗಿ ನೋಡದೆ ಬರುತ್ತಿದ್ದೆ. ಅವರು ಬದುಕಿದ್ದದ್ದು ಆ ಒಂದು ಮಾತಿನ ಮೇಲೆ. ಅದನ್ನು ಕಿತ್ತುಕೊಂಡರೆ ಅವರಿಗೆ ಇನ್ನೇನು ಉಳಿಯುತ್ತಿತ್ತು?

ಹೀಗೇ ಇರುವಾಗ ದೇಶದೇಶಗಳ ಸಭೆಯಲ್ಲಿ ಅದೇ ಬಂಡೆಗಳ ವಿಚಾರ ಮತ್ತೆ ಬಂತು. ಈ ಸಲ ನಮ್ಮವರು ಕೈ ಎತ್ತಿದರು. ರಾಯಭಾರ ಕಚೇರಿಯ ಬೀಗ ತೆರೆಯಿತು. ಬಾಕ್ಸಿಂಗ್ ರಿಂಗನ್ನು ಕಳಚಿ ಹಾಲಿನ ಹಿಂದೆ, ಹಾಸಿಗೆ ಬಿದ್ದಿದ್ದ ಜಾಗದಲ್ಲೇ ಎಸೆದರು. ಹಡಗಿನಲ್ಲಿ ಹೊಸ ಹಾಸಿಗೆ, ಹೊಸ ಕೋಲು ಬಂದವು. ಕೊಕ್ಕರೆ ಮೇಷ್ಟ್ರೂ ಬರುತ್ತಾನೆಂದು ಗೊತ್ತಾಯಿತು.

ಕ್ರೀಡಾಧಿಕಾರಿಗಳು ನಮ್ಮ ಮನೆಗೇ ಬಂದರು. ಹಳೆಯ ಫೋಟೋದ ಹುಡುಗಿಯನ್ನು ರಾಯಭಾರಿ ಮರೆತಿಲ್ಲವಂತೆ, ಅವಳು ಹೊಸ ಹಾಸಿಗೆಯ ಮುಂದೆ ಕೂತು ಒಂದು ಫೋಟೋ ತೆಗೆಸಿಕೊಂಡರೆ ಸಾಕಂತೆ.

"ನಡೆಯೋಕಾಗಲ್ಲ ಸಾರ್ ಅವಳಿಗೆ" ಎಂದೆ.

"ಗೊತ್ತಮ್ಮ. ಕೂತ್ಕೊಂಡೇ ಇರಲಿ. ಇನ್ನೂ ಚೆನ್ನಾಗಿ ಬರುತ್ತೆ."

ನಾನು ಬೇಡವೆನ್ನುವಷ್ಟರಲ್ಲಿ ಮಗಳು, "ಬರ್ತೀನಿ" ಎಂದುಬಿಟ್ಟಳು. ಅವಳಿಗೆ ಮೇಷ್ಟ್ರನ್ನು ನೋಡಬೇಕಿತ್ತು. ಅದಕ್ಕಿಂತ ದೊಡ್ಡ ಸಂಕಟ ಹಿಂದೆಯೇ ಬಂತು. ನನ್ನ ಗಂಡ ಪೆಟ್ಟಿಗೆಯಿಂದ ಇಸ್ತ್ರಿ ಮಾಡಿದ ಅಂಗಿ ತೆಗೆದು ಹೊರಡಲು ನಿಂತರು.

"ನೀವ್ಯಾಕೆ ರೀ? ಅಂಗಡಿ ಯಾರು ನೋಡ್ಕೋತಾರೆ? ಬಿಸಿಲು ಬೇರೆ, ನಿಮ್ಮ ಕಾಲು ನೋವು..."

"ಲೇ, ನಾನು ಹಾಸಿಗೆ ಮಾಡೋನು. ಈ ಸಲವಾದ್ರೂ ನೆಟ್ಟಗೆ ತುಂಬಿದಾರಾ ಇಲ್ವಾ ಅಂತ ಒಂದ್ಸಲ ನೋಡಿ ಬರ್ತೀನಿ."

ಮಗಳೂ ನಾನೂ ಮುಖ ಮುಖ ನೋಡಿಕೊಂಡೆವು. ಇನ್ನೂ ಜಗ್ಗಿದರೆ ಯಾಕೆಂದು ಕೇಳುತ್ತಾರೆ. ಕೇಳಿದರೆ ಏನು ಹೇಳುವುದು?

ಹಾಲಿನ ತುಂಬ ಕುರ್ಚಿ, ಹೂವು, ಕ್ಯಾಮೆರಾ. ಅಧಿಕಾರಿಗಳು ಗಾಲಿಕುರ್ಚಿಯ ಬೆನ್ನಿನ ಬಾವುಟದ ಮೇಲೆ ಹಳೆಯ ಮಿತ್ರರ ಬಾವುಟ ಅಂಟಿಸಿ, ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಕೊಕ್ಕರೆ ಮೇಷ್ಟ್ರ ತಲೆ ನೆರೆತಿತ್ತು. ಆತ ಮಗಳ ಮುಂದೆ ಮಂಡಿಯೂರಿ ಕೂತು, ಅವಳ ಎರಡೂ ಕೈ ಹಿಡಿದುಕೊಂಡ. ನಾನು ಪಕ್ಕಕ್ಕೆ ಕರೆದು, ತುಟಿಯ ಮೇಲೆ ಬೆರಳಿಟ್ಟು, ನನ್ನ ಗಂಡನನ್ನು ತೋರಿಸಿದೆ. ಆತ ತಲೆಯಾಡಿಸಿದ. ಅರ್ಥವಾಗಿತ್ತು.

ಅಷ್ಟರಲ್ಲಿ ನನ್ನ ಗಂಡ ಹಾಸಿಗೆಯ ಹತ್ತಿರ ಹೋಗಿದ್ದರು. ಸುತ್ತ ನಡೆದು ನೋಡಿದರು. ಅಂಗೈಯಿಂದ ಒತ್ತಿದರು, ಕೈ ಮೊಣಕೈವರೆಗೂ ಇಳಿಯಿತು. ತುಟಿ ಕೊಂಕಿಸಿದರು. ಬದಿಯಲ್ಲಿ ಗವುಸಿನ ಜಿಪ್ ಇತ್ತು. ಹಾಸಿಗೆ ಮಾಡುವವನ ಕೈ ಸುಮ್ಮನಿರುತ್ತದೆಯೇ? ಒಂದಿಷ್ಟು ಎಳೆದು ಒಳಗಿನ ಸ್ಪಂಜಿನ ತೂತಿಗೆ ಕೈ ತೂರಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, ನಗುತ್ತಾ, ಹಾಲಿಗೆಲ್ಲ ಕೇಳುವಂತೆ, "ಈ ಸಲವೂ ಪೊಳ್ಳೇ ಕಣೇ!" ಎಂದರು.

ಅದೇ ಹೊತ್ತಿಗೆ ಮಿತ್ರದೇಶದಿಂದ ಬಂದಿದ್ದ ಆಟಗಾರ್ತಿಯೊಬ್ಬಳು ಪ್ರದರ್ಶನಕ್ಕೆಂದು ಓಡಿ ಬಂದಳು. ಎಲ್ಲರೂ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದರು. ನಾನು ನನ್ನ ಗಂಡನನ್ನು ನೋಡುತ್ತಿದ್ದೆ. ಅವಳು ಪಟ್ಟಿ ದಾಟಿ ಬೆನ್ನಡಿಯಾಗಿ ಬಿದ್ದಳು. ಹಾಸಿಗೆ ಅವಳನ್ನು ನುಂಗಿತು. ಬದಿಯ ಬಲೆಯಿಂದ ಗಾಳಿ ದೊಡ್ಡದಾಗಿ ನಿಟ್ಟುಸಿರು ಬಿಟ್ಟಂತೆ ಹೊರಗೆ ಬಂತು, ಅವರ ಇಸ್ತ್ರಿ ಅಂಗಿಯ ತೋಳು ಪಟಪಟನೆ ಅಲುಗಿತು. ಅವರ ಕೈ ಇನ್ನೂ ಆ ತೂತಿನೊಳಗೇ ಇತ್ತು.

ಅವರ ಮುಖದ ನಗು ಹೋಗಲು ತಡವಾಯಿತು. ಹುಡುಗಿ ಎದ್ದು ಚಪ್ಪಾಳೆಗೆ ಕೈ ಬೀಸಿದಳು. ಅವರು ಕೈಯನ್ನು ಮೆಲ್ಲಗೆ ಹೊರಗೆ ತೆಗೆದು, ಜಿಪ್ಪನ್ನು ತುದಿಯವರೆಗೂ ಎಳೆದು ಮುಚ್ಚಿದರು. ಯಾರೋ ಅವರನ್ನು ತಳ್ಳಿಕೊಂಡು ಬಂದು ಮಗಳ ಕುರ್ಚಿಯ ಹಿಂದೆ ನಿಲ್ಲಿಸಿದರು. ಫೋಟೋ ತೆಗೆದರು. ಈಗ ಆ ಫೋಟೋ ದೊಡ್ಡ ವೃತ್ತದಲ್ಲಿದೆ, ಕೆಳಗೆ ಅದೇ ಹಳೆಯ ಬರಹ. ರಾಯಭಾರಿ, ಮಂತ್ರಿಗಳು, ಮೇಷ್ಟ್ರು, ಮ‌ಗಳು ಎಲ್ಲರೂ ಎದುರಿಗೆ ನೋಡುತ್ತಿದ್ದಾರೆ. ನನ್ನ ಗಂಡ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದಾರೆ.

ಮನೆಗೆ ಬರುವ ದಾರಿಯಲ್ಲಿ ಅವರೇ ಗಾಲಿಕುರ್ಚಿ ತಳ್ಳಿದರು. ಒಳಗೆ ಬಂದವರೇ ಮಗಳ ಹಾಸಿಗೆಯ ಪಕ್ಕ ಕೂತು, ಕತ್ತರಿ ತೆಗೆದು ಮೂಲೆಯ ಹೊಲಿಗೆ ಬಿಚ್ಚಲು ಹೋದರು. ಹೋದ ಕೈ ಅಲ್ಲೇ ನಿಂತಿತು. ಆ ಮೂಲೆಯ ಹೊಲಿಗೆ ಅವರದಲ್ಲ, ನನ್ನದು, ವಕ್ರವಕ್ರವಾಗಿತ್ತು. ಒತ್ತಿ ನೋಡಿದರು. ಹಾಸಿಗೆ ಆ ಕಡೆ ಅರ್ಧ ಖಾಲಿಯಾಗಿ ಮೆತ್ತಗಾಗಿತ್ತು. ಅವರು ತಲೆಯೆತ್ತಿ ನನ್ನನ್ನು ನೋಡಿದರು, ಆಮೇಲೆ ಮಗಳನ್ನು. ನನಗೆ ಎಂದಿನಿಂದ ಗೊತ್ತಿತ್ತು, ಅವಳಿಗೆ ಎಂದಿನಿಂದ ಗೊತ್ತಿತ್ತು, ಅಂಗಡಿಯಲ್ಲಿ ತಾವು ಆಡಿದ ಮಾತನ್ನೆಲ್ಲ ನಾವು ಹೇಗೆ ಕೇಳಿಕೊಂಡು ಬಂದೆವು, ಎಲ್ಲವೂ ಆ ಒಂದು ನೋಟದಲ್ಲಿ ಅವರಿಗೆ ಹೊಳೆಯಿತು. ನಾನು ಅಳುತ್ತಾ ನಿಂತಿದ್ದೆ. ಮುಚ್ಚಿಡಲು ಇನ್ನೇನೂ ಇರಲಿಲ್ಲ.

"ಅಪ್ಪಾ" ಎಂದಳು ಮಗಳು. "ಕೋಲು ಜಾರ್ತು ಅವತ್ತು."

ಅವರು ಬಹಳ ಹೊತ್ತು ಅವಳ ಪಾದ ಹಿಡಿದುಕೊಂಡು ಕೂತಿದ್ದರು. ಅವಳಿಗೆ ಅದು ತಿಳಿಯುವಂತಿರಲಿಲ್ಲ.

"ಹೌದು ಕಂದ" ಎಂದರು. "ಕೋಲು ಜಾರ್ತು."

ಆಮೇಲೆ ನನ್ನ ಹೊಲಿಗೆ ಬಿಚ್ಚಿ, ಇನ್ನೂ ಎರಡು ಹಿಡಿ ಹತ್ತಿ ತೆಗೆದು, ತಾವೇ ಹೊಲಿದರು. ಈಗ ಅವರು ಮಾಡುವ ಹಾಸಿಗೆಗಳೆಲ್ಲ ಬೇಗ ಗುಂಡಿ ಬೀಳುತ್ತವೆ. ಗಿರಾಕಿಗಳು ಬೈದು ವಾಪಸ್ ತಂದುಹಾಕಿದರೂ ಅವರು ಎದುರು ಮಾತಾಡುವುದಿಲ್ಲ. ಬಯಲಿನಲ್ಲಿರುವ ಆ ದೊಡ್ಡ ಹಾಸಿಗೆ ಮಾತ್ರ ಮಳೆ ಬಿಸಿಲಿಗೆ ಇನ್ನೂ ಜಗ್ಗಿಲ್ಲ. ಮನೆಯಲ್ಲಿ ಆ ದಿನದ ಮಾತು ಬಂದರೆ ನಾವು ಮೂವರೂ ಕೋಲನ್ನೇ ಬೈಯುತ್ತೇವೆ.